ಪಟ್ಟಣದ ಕೋವಿ

ನವರಾತ್ರಿಗೆ ಮುಂಚೆ ಕುಶಾಲತೋಪುಗಳ ತಾಲೀಮು ನಡೆಯುವ ದಿನಗಳಲ್ಲಿ, ಯಾದವಗಿರಿಯ ದಿಣ್ಣೆಯ ಮೇಲಣ ನಮ್ಮ ಮನೆಯ ಕಿಟಕಿಗಾಜು ಸಣ್ಣಗೆ ನಡುಗುತ್ತದೆ. ಹಿತ್ತಲಿನ ಹೊಂಗೆಯ ಮರದಿಂದ ಗಿಳಿಗಳ ಹಿಂಡು ಒಮ್ಮೆಗೇ ಎದ್ದು ರೈಲುನಿಲ್ದಾಣದ ಕಡೆಗೆ ಹಾರಿಹೋಗುತ್ತದೆ. 7 ಫಿರಂಗಿಗಳು ತಲಾ 3 ಸುತ್ತಿನಂತೆ 21 ಸಲ ಗುಡುಗಿ, ಆನೆ ಕುದುರೆಗಳ ಕಿವಿಯನ್ನು ದಸರೆಯ ಸದ್ದಿಗೆ ಪಳಗಿಸಿ ಸುಮ್ಮನಾಗುವವು. ಆ ತೋಪುಗಳಲ್ಲಿ ಮದ್ದುಂಟು, ಗುಂಡಿಲ್ಲ, ಸದ್ದುಂಟು, ಗುರಿಯಿಲ್ಲ. ಮೈಸೂರಿನ ಮಂದಿಯಾದ ನಾವು ಮದ್ದಿನ ಶಬ್ದವನ್ನು ಉತ್ಸವದ ಅಂಗವೆಂದೇ ಬಲ್ಲೆವು. ಆದರೆ ಅದೇ ಮದ್ದಿನಿಂದ ದೂರದ ಒಂದು ಬಿಂದುವನ್ನು ತಾಗಿಸುವ ಕೋವಿಯನ್ನು, ಕಬ್ಬಿಣದ ಪಟ್ಟಿಯಿಂದ ತೊಡಗಿ ಬೆಳ್ಳಿಯ ಕೆತ್ತನೆಯವರೆಗೆ, ಒಬ್ಬನ ಕೈಗೆ ಒಪ್ಪುವಂತೆ ಒಂದೊಂದಾಗಿ ಕಟ್ಟುತ್ತಿದ್ದ ಕುಶಲಕರ್ಮಿಗಳು ಇಲ್ಲಿಂದ 15 ಕಿಲೋಮೀಟರು ದೂರದಲ್ಲಿ, ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪದಲ್ಲಿ ಬಾಳಿದ್ದರೆಂಬುದನ್ನು ನೆನೆಯುವವರು ನಮ್ಮಲ್ಲಿ ವಿರಳ. ಆ ನೆನಪಿಗಾಗಿ ಈ ನಾಲ್ಕು ಮಾತು.

ಯಾದವಗಿರಿಯ ಅಂಚಿನಲ್ಲಿಯೇ ಇರುವ ನಿಲ್ದಾಣದಲ್ಲಿ ಬೆಂಗಳೂರಿನ ರೈಲನ್ನು ಹಿಡಿದರೆ, ಎಲೆಯಡಕೆ ಹಾಕಿಕೊಂಡು ಉಗಿಯುವಷ್ಟರೊಳಗೆ ಗಾಡಿಯು ಆ ದ್ವೀಪದ ಶ್ರೀರಂಗಪಟ್ಟಣದ ಕೋಟೆಯನ್ನು ಹೊಗುತ್ತದೆ. 19ನೆಯ ಶತಮಾನದಲ್ಲಿ ಹಳಿ ಹಾಕಿದವರು ಕೋಟೆಯನ್ನು ಸುತ್ತಿ ಹೋಗುವ ಗೋಜಿಗೆ ಹೋಗದೆ ಅದನ್ನು ಸೀಳಿಕೊಂಡೇ ಹೋದರು. ಈಚೆಗೆ ಜೋಡಿಹಳಿಯನ್ನು ಹಾಸುವ ಕಾಲಕ್ಕೆ ಟೀಪೂ ಕಾಲದ ಒಂದು ಶಸ್ತ್ರಾಗಾರವು ದಾರಿಗೆ ಅಡ್ಡವಾಗಿ ನಿಂತಿತು. ಇಟ್ಟಿಗೆ ಗಾರೆಗಳ ಆ ಗಟ್ಟಿಕಟ್ಟಡವನ್ನು ಕೆಡಹುವ ಮಾತು ಬಾರದೆ, 2017ರಲ್ಲಿ, ಸುಮಾರು 1000 ಟನ್ನು ತೂಕದ ಅದನ್ನು ಬುಡಸಮೇತವಾಗಿ ಎತ್ತಿ, ನೂರು ಮೀಟರಿಗೂ ಮಿಕ್ಕ ದೂರಕ್ಕೆ ಜರುಗಿಸಿ ಇಟ್ಟರು. ರೈಲಿನ ಕಿಟಕಿಯಿಂದ ಅದನ್ನು ಕಂಡಾಗಲೆಲ್ಲ ನನಗೆ ತೃಪ್ತಿಯೂ ಒಂದು ಬಗೆಯ ವ್ಯಥೆಯೂ ಒಟ್ಟಿಗೆ ಆಗುವುದುಂಟು. ಗೋಡೆಯನ್ನು ಇಷ್ಟು ಜತನದಿಂದ ಉಳಿಸಿಕೊಂಡೆವು. ಆ ಗೋಡೆಯೊಳಗೆ ಇರಿಸಿದ್ದ ವಸ್ತುಗಳನ್ನು ಮಾಡಿದ ಕೈಗಳ ವಿದ್ಯೆಯನ್ನು ಒಂದು ತಲೆಮಾರಿನಷ್ಟು ಕಾಲವೂ ಉಳಿಸಿಕೊಳ್ಳಲಾಗಲಿಲ್ಲ.

ಹೈದರನ ಕಾಲದಲ್ಲಿ ಬೇರುಬಿಟ್ಟು ಟೀಪೂವಿನ ಕಾಲದಲ್ಲಿ ಹಬ್ಬಿದ ಕೋವಿ ಮಾಡುವ ಈ ಕಸುಬಿಗೆ ಶ್ರೀರಂಗಪಟ್ಟಣವೊಂದೇ ನೆಲೆಯಾಗಿರಲಿಲ್ಲ. ಬಿದನೂರಿನ ನಗರದಲ್ಲಿಯೂ ಬೆಂಗಳೂರಿನಲ್ಲಿಯೂ ಕುಲುಮೆಗಳು ಉರಿಯುತ್ತಿದ್ದುವು. ಆದರೂ ಶ್ರೇಷ್ಠವಾದ ಕೆಲಸವು ಪಟ್ಟಣದ್ದೇ ಎಂಬುದು ಈಗ ಉಳಿದಿರುವ ಕೋವಿಗಳಿಂದಲೇ ವಿದಿತವಾಗುತ್ತದೆ. ಸುಲ್ತಾನನ ಸ್ವಂತ ಬಳಕೆಗೆಂದು ಮಾಡಿದ ಬೇಟೆಕೋವಿಗಳ ನಳಿಗೆಯ ತುದಿ ಹುಲಿಯ ಬಾಯಿ. ಲೋಹದ ಮೇಲೆಯೂ ಮರದ ಮೇಲೆಯೂ ಹುಲಿಯ ಮೈಮೇಲಣ ಪಟ್ಟೆಯನ್ನು ಸಂಕೇತಿಸುವ ‘ಬಬ್ರಿ’ ಎಂಬ ಚಿತ್ರ. ಅಕ್ಷರಗಳನ್ನೇ ಹೆಣೆದು ಹುಲಿಯ ಮುಖವನ್ನಾಗಿಸಿದ ಮುದ್ರೆ. ವರ್ಷವನ್ನು ಕೆತ್ತಿರುವುದು ಹಿಜರಿಯಲ್ಲಲ್ಲ, ಪ್ರವಾದಿಯ ಜನ್ಮದಿಂದ ಎಣಿಸುವಂತೆ ಸುಲ್ತಾನನು ತಾನೇ ಬಳಕೆಗೆ ತಂದ ಮೌಲೂದಿ ಶಕೆಯಲ್ಲಿ. ಇವೆಲ್ಲಕ್ಕಿಂತಲೂ ನನ್ನ ಮನಸ್ಸನ್ನು ಸೆಳೆಯುವುದು ಬೇರೊಂದು ಸಂಗತಿ: ಕೆಲವು ಕೋವಿಗಳ ಮೇಲೆ ಮಾಡಿದವನ ಹೆಸರುಂಟು. ಸೈಯದ್ ಮಾಸೂಮ್ ಎಂಬುದು ಹಾಗೆ ಉಳಿದು ಬಂದ ಒಂದು ಹೆಸರು. ನಮ್ಮ ದೇಗುಲಗಳ ಶಿಲ್ಪಿಗಳಲ್ಲಿ ಹೆಚ್ಚಿನವರು ಹೆಸರಿಲ್ಲದೆ ಹೋದರು. ಬೇಲೂರಿನಲ್ಲಿ ಕೆಲವರು ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೊರೆದು ಉಳಿದರು. ಪಟ್ಟಣದ ಈ ಕಮ್ಮಾರನು ಬೇಲೂರಿನವರ ಪಂಕ್ತಿಗೆ ಸೇರಿದವನು. ತಾನು ಮಾಡಿದುದು ತಪ್ಪಿದರೆ ತನ್ನ ಹೆಸರು ಕೆಡುವುದೆಂದು ಬಲ್ಲವನೇ ಕೆಲಸದ ಮೇಲೆ ಹೆಸರನ್ನು ಕೆತ್ತಬಲ್ಲನು.

ಸುಲ್ತಾನನಾದರೋ ಈ ವಿದ್ಯೆಯ ವಿಷಯದಲ್ಲಿ ಮಹಾದಾಹವುಳ್ಳವನು. 1788ರಲ್ಲಿ ಫ್ರಾನ್ಸಿನ ದೊರೆ 16ನೆಯ ಲೂಯಿಯ ಆಸ್ಥಾನಕ್ಕೆ ಹೋದ ಅವನ ಮೂವರು ರಾಯಭಾರಿಗಳು ಸೈನ್ಯದ ನೆರವನ್ನು ಬೇಡಿದುದರ ಜೊತೆಗೆ ಕುಶಲಕರ್ಮಿಗಳನ್ನೂ ಬೇಡಿದರು. ಕೇಳಿದ ಸೈನ್ಯ ಬರಲಿಲ್ಲ, ಕರ್ಮಿಗಳು ಬಂದರು. 1799ರ ಮೇ 4ರಂದು ಕೋಟೆ ಬಿದ್ದ ತರುವಾಯ ಗೆದ್ದವರು ಮಾಡಿದ ಲೆಕ್ಕದಲ್ಲಿ 929 ಫಿರಂಗಿಗಳೂ, ಹತ್ತಿರ ಹತ್ತಿರ 1 ಲಕ್ಷ ಬಂದೂಕುಗಳೂ, ಸಣ್ಣ ಆಯುಧಗಳನ್ನು ಮಾಡುವ 11 ಕಾರ್ಖಾನೆಗಳೂ, ನಳಿಗೆ ಕೊರೆಯುವ ಯಂತ್ರಗಳಿದ್ದ 2 ಕಟ್ಟಡಗಳೂ ಸೇರಿವೆ. ಇದರಲ್ಲಿ ಬಹುಭಾಗ ದಂಡಿನ ಬಂದೂಕು. ಎಂದರೆ ಸಾಲಾಗಿ ನಿಂತು ಒಟ್ಟಿಗೆ ಹಾರಿಸುವಂಥದು, ನಳಿಗೆಯೊಳಗೆ ಗುಂಡು ಸಡಿಲವಾಗಿಯೇ ಕೂರುವಂಥದು, ನೂರು ಹೆಜ್ಜೆಯಾಚೆ ಎಲ್ಲಿ ತಾಗುವುದೋ ದೈವಕ್ಕೆ ಬಿಟ್ಟಂಥದು. ಅದನ್ನು ರಾಶಿಯಾಗಿ ಮಾಡಬಹುದು. ಗುರಿಯ ಕೋವಿಯನ್ನು ಹಾಗೆ ಮಾಡಲು ಬಾರದು.

ಏಕೆಂದರೆ ಗುರಿಯು ನಳಿಗೆಯಿಂದ ಮೊದಲಾಗುವುದು, ನಳಿಗೆಯಾದರೋ ತಾಳ್ಮೆಯಿಂದ. ಮೆದು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಒಂದು ಸಲಾಕೆಯ ಸುತ್ತ ಬಳ್ಳಿ ಮರವನ್ನು ಸುತ್ತುವಂತೆ ಸುತ್ತಿ, ಬಿಳಿಗಾವು ಬಂದ ಗಳಿಗೆಯಲ್ಲಿ ಅಂಚಿಗೆ ಅಂಚನ್ನು ಬಡಿದು ಬೆಸೆಯಬೇಕು. ಕಾವು ಒಂದಿಷ್ಟು ಕಡಮೆಯಾದರೆ ಬೆಸುಗೆ ಹುಸಿ, ಹೆಚ್ಚಾದರೆ ಕಬ್ಬಿಣ ಸುಟ್ಟಿತು. ಹುಸಿಬೆಸುಗೆಯ ನಳಿಗೆಯು ಮೊದಲ ಈಡಿಗೇ ಸೀಳಿ ಹಾರಿಸಿದವನ ಮುಖವನ್ನು ಸುಡುವುದು. ಬೆಸೆದ ಮೇಲೆ ಬೈರಿಗೆಯಿಂದ ಒಳಗನ್ನು ಕೊರೆದು, ಮತ್ತೆ ಕೊರೆದು, ನಯಮಾಡಿ, ಕಟ್ಟಕಡೆಗೆ ಅದು ನೇರವಾಗಿದೆಯೋ ಇಲ್ಲವೋ ಎಂಬ ಪರೀಕ್ಷೆ. ಕೋವಿ ಮಾಡುವವರು ಈ ಪರೀಕ್ಷೆಯನ್ನು ಬಹುಕಾಲ ಯಾವ ಉಪಕರಣವೂ ಇಲ್ಲದೆ ಕಣ್ಣಿನಿಂದಲೇ ಮಾಡಿದರು. ನಳಿಗೆಯನ್ನು ಬೆಳಕಿನ ಕಡೆಗೆ ಎತ್ತಿ ಹಿಡಿದು, ಕಿಟಕಿಯ ಅಡ್ಡಪಟ್ಟಿಯ ನೆರಳು ಅದರ ಒಳಮೈಮೇಲೆ ಹೇಗೆ ಹರಿಯುತ್ತದೆಂಬುದನ್ನು ನೋಡುವುದು. ನೆರಳಿನ ಗೆರೆ ತುದಿಯಿಂದ ತುದಿಗೆ ಮುರಿಯದೆ ಹರಿದರೆ ನಳಿಗೆ ನೇರ, ಎಲ್ಲಿ ಗೆರೆ ಸೊಟ್ಟಾಯಿತೋ ಅಲ್ಲಿ ಹೊರಗಿನಿಂದ ಸುತ್ತಿಗೆಯ ಒಂದು ಹಗುರವಾದ ಪೆಟ್ಟು. ಮತ್ತೆ ನೋಡುವುದು, ಮತ್ತೊಂದು ಪೆಟ್ಟು. ಕೂದಲೆಳೆಯಷ್ಟು ಬಾಗನ್ನು ಕಣ್ಣು ಕಂಡು ಕೈ ತಿದ್ದಬೇಕಾದ ಈ ಕೆಲಸವನ್ನು ವೀಣೆಯ ಶ್ರುತಿಮಾಡುವವನ ಕೆಲಸಕ್ಕೆ ಹೋಲಿಸಿದರೆ ಅತಿಶಯೋಕ್ತಿಯಾಗದು.

ವೀಣೆಯ ಮಾತು ಬಂದುದರಿಂದ ಒಂದು ಪ್ರಾಸಂಗಿಕ ಸಂಗತಿ. ಪಟ್ಟಣ ಬಿದ್ದ ಮರುವರ್ಷವೇ, 1800ರಲ್ಲಿ, ಕಂಪೆನಿಯವರ ಆಣತಿಯಂತೆ ಈ ನಾಡನ್ನೆಲ್ಲ ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಎಳೆಯುವ ಉಕ್ಕಿನ ತಂತಿಯು ಭರತಖಂಡದ ದೂರದ ಮೂಲೆಗಳಿಗೂ ಹೋಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮಾಗಡಿಯ ಸೀಮೆಯಲ್ಲಿ ಉಕ್ಕು ಮಾಡುವ ಬಗೆಯನ್ನೂ ಅವನು ಕಣ್ಣಾರೆ ಕಂಡನು: ಸುಡದ ಜೇಡಿಯ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿಯ ಕಡ್ಡಿ, ಒಂದೆರಡು ಹಸುರೆಲೆ, ಮೂಸೆಯ ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ ಕಾಯಿಸಿದರೆ ಒಳಗೆ ಕಬ್ಬಿಣ ಕರಗಿ ಉಕ್ಕಿನ ಬಿಲ್ಲೆಯಾಗುವುದು. ಕೋವಿಗೆ ಇದು ಬೇಕೇ ಬೇಕು. ನಳಿಗೆಗೆ ಮೆದು ಕಬ್ಬಿಣವು ಸಾಕಾದರೂ, ಕೋವಿಯ ಕುದುರೆಯನ್ನು, ಎಂದರೆ ಕಲ್ಲನ್ನು ಹಿಡಿದು ಬಡಿಯುವ ಕೊಕ್ಕೆಯನ್ನು, ನೂಕುವ ಕಮಾನಿಗೂ ಚಕಮಕಿಯ ಕಲ್ಲು ಉಜ್ಜಿ ಕಿಡಿಸೂಸುವ ಫಲಕಕ್ಕೂ ಉಕ್ಕಲ್ಲದೆ ಗತಿಯಿಲ್ಲ. ವಾದ್ಯದ ತಂತಿಯೂ ಕೋವಿಯ ಕಮಾನೂ ಒಂದೇ ತಾಯಿಯ ಮಕ್ಕಳು. ಕರಗಿ ಉಕ್ಕುವುದರಿಂದ ಉಕ್ಕೆಂದು ನಾವು ಕರೆದ ಈ ವಸ್ತು 1790ರ ದಶಕದಲ್ಲಿ ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಯನ್ನು ಮುಟ್ಟಿ ಅಲ್ಲಿಯ ಬಾಯಲ್ಲಿ ‘ವೂಟ್ಸ್’ ಆಯಿತು. ಮುಂದೆ ಮೈಕೇಲ್ ಫ್ಯಾರಡೆಯಂಥವನು ಅದರ ಗುಟ್ಟನ್ನು ಅರಿಯಲು ವರ್ಷಗಟ್ಟಲೆ ಶ್ರಮಿಸಿದನು. ಕನ್ನಡದ ಒಂದು ಪದ ಜಗತ್ತಿನ ಲೋಹಶಾಸ್ತ್ರದಲ್ಲಿ ನೆಲೆಸಿತು. ಅದೇ ಹೊತ್ತಿಗೆ ಮಾಗಡಿಯ ಮೂಸೆಗಳು ತಣ್ಣಗಾಗುತ್ತಿದ್ದುವು.

ನಳಿಗೆಯಷ್ಟೇ ಮುಖ್ಯವಾದುದು ಮರದ ದಿಂಡು. ಕೋವಿಯನ್ನು ಎತ್ತಿದೊಡನೆ ಹಿಂಬದಿಯು ಭುಜದ ಕುಳಿಯಲ್ಲಿ ಕೂತು, ಕೆನ್ನೆಯು ಮರಕ್ಕೆ ಒರಗಿ, ಕಣ್ಣು ತಾನಾಗಿಯೇ ನಳಿಗೆಯ ಗೆರೆಯ ಮೇಲೆ ಬಂದು ನಿಲ್ಲಬೇಕು. ಕತ್ತನ್ನು ಬಾಗಿಸಿ ಹುಡುಕುವಂತಾದರೆ ಆ ಕೋವಿ ಅವನದಲ್ಲ. ತೋಳಿನ ಉದ್ದ, ಕೊರಳಿನ ಎತ್ತರ, ಅಂಗೈಯ ಅಗಲ ಇವುಗಳಿಗೆ ತಕ್ಕಂತೆ ಮರ ಕೆತ್ತುವುದು ಚಿಪ್ಪಿಗನು ಮೈಯಳತೆಗೆ ಅಂಗಿ ಹೊಲಿದಂತೆ. ಇಂದಿನ ಗುರಿಸ್ಪರ್ಧೆಗಳ ರೈಫಲುಗಳನ್ನು ಕಂಡವರು ಬೆರಗಾಗುವುದುಂಟು: ಕೆನ್ನೆಯ ಆಸರೆ, ಭುಜದ ಕೊಕ್ಕೆ, ಹಿಡಿ, ಎಲ್ಲವನ್ನೂ ತಿರುಪಿನಿಂದ ಏರಿಸಿ ಇಳಿಸಿ ಹಾರಿಸುವವನ ದೇಹಕ್ಕೆ ಹೊಂದಿಸುವರು. ಹೊಂದಿಸದೆ ತೀರದು. 50 ಮೀಟರು ದೂರದ ಗುರಿಯ ನಡುವೃತ್ತ 10.4 ಮಿಲಿಮೀಟರು, 10 ಮೀಟರಿನ ಗಾಳಿಕೋವಿಯ ಗುರಿಯಲ್ಲಾದರೋ ಅದು ಅರ್ಧ ಮಿಲಿಮೀಟರಿನ ಚುಕ್ಕೆ, ಗಸಗಸೆಯ ಕಾಳಿಗಿಂತ ಕಿರಿದು. ಅಲ್ಲಿ ಉಸಿರಿನ ಏರಿಳಿತವೂ ಎದೆಯ ಬಡಿತವೂ ಲೆಕ್ಕಕ್ಕೆ ಬರುತ್ತವೆ. ಇಂಥ ಗುರಿಗೆ ದಿಂಡಿನ ಹೊಂದಿಕೆಯೊಂದೇ ಸಾಲದು: ನಳಿಗೆಯೊಳಗೆ ಸುರುಳಿಗೆರೆಗಳನ್ನು ಕೊರೆದು ಗುಂಡಿಗೆ ಬುಗುರಿಯ ಸುತ್ತು ಕೊಡುವ ಉಪಾಯವು 16ನೆಯ ಶತಮಾನದ ಹೊತ್ತಿಗೇ ಜರ್ಮನ್ ನಗರಗಳಲ್ಲಿ ತಿಳಿದಿತ್ತು. ಇಂದಿಗೂ ನಮ್ಮ ಸ್ಪರ್ಧಿಗಳಲ್ಲಿ ಹಲವರ ಕೈಯಲ್ಲಿರುವುದು ಅದೇ ನಾಡಿನ ಉಲ್ಮ್ ನಗರದ ಆನ್‌ಶುಟ್ಸ್ ಮನೆತನದ ರೈಫಲು. 1856ರಲ್ಲಿ ಥುರಿಂಗಿಯಾದ ಒಂದು ಸಣ್ಣ ಊರಿನಲ್ಲಿ ತೊಡಗಿದ ಆ ಕಾರ್ಖಾನೆ ಎರಡನೆಯ ಮಹಾಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡು, ಊರುಬಿಟ್ಟು, ಉಲ್ಮಿನಲ್ಲಿ ಮತ್ತೆ ಎದ್ದು ನಿಂತಿತು. ಪಟ್ಟಣದ ಕುಲುಮೆಗೆ ಅಂಥ ಎರಡನೆಯ ಜನ್ಮ ದೊರೆಯಲಿಲ್ಲ.

ಕುಲುಮೆ ಆರಿದ ಬಗೆಯನ್ನು ವಿವರಿಸಲು ಬಹಳ ಮಾತು ಬೇಡ. ಟೀಪೂವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಬುಕಾನನ್ ಅಂದಾಜು ಮಾಡಿದ ದ್ವೀಪದಲ್ಲಿ ಅವನು ಬಂದಾಗ ಉಳಿದವರು 32,000 ಮಂದಿ. ರಾಜಧಾನಿ ಮೈಸೂರಿಗೆ ಬಂದಿತು. ಟೀಪೂ ಹಳೆಯ ಮೈಸೂರನ್ನು ಕೆಡವಿ ನಜರಬಾದಿನ ಕೋಟೆಗೆ ಒಯ್ದಿದ್ದ ಕಲ್ಲುಗಳೂ ಹಿಂದಿರುಗಿ ಬಂದುವು. ಆದರೆ ಕೋವಿಯ ಕಮ್ಮಾರರನ್ನು ಕರೆಯುವವರು ಇರಲಿಲ್ಲ. ಆಯುಧ ಮಾಡುವ ಅಧೀನರಾಜ್ಯವು ಕಂಪೆನಿಯವರಿಗೆ ಬೇಕಿರಲಿಲ್ಲ. ಅವರು ಪಟ್ಟಣದಲ್ಲಿ ತೆರೆದುದು ಫಿರಂಗಿಯ ಬಂಡಿಗಳನ್ನು ಮಾಡುವ ಮರಗೆಲಸದ ಕಾರ್ಖಾನೆ. ಕೆಲವು ದಶಕಗಳಲ್ಲಿ ಅದೂ ಮದರಾಸಿಗೆ ಹೋಯಿತು. ಸುಲ್ತಾನನ ಕೋವಿಗಳು ಲೂಟಿಯ ಪಾಲಾಗಿ ಕಡಲು ದಾಟಿದುವು. ವಿಂಡ್ಸರಿನ ಅರಮನೆಯಲ್ಲಿ ಕೆಲವುಂಟು. ಖಾಸಗಿ ಸಂಗ್ರಹದಲ್ಲಿದ್ದ ಕೆಲವು 2015ರಲ್ಲಿ ಲಂಡನ್ನಿನಲ್ಲಿ ಹರಾಜಾದುವು. ಹೆಸರು ಕೆತ್ತಿದ ಕರ್ಮಿಯ ಮೊಮ್ಮಕ್ಕಳು ನೇಗಿಲಿನ ಗುಳವನ್ನು ಬಡಿದರೋ ಎತ್ತಿನ ಲಾಳವನ್ನು ಬಡಿದರೋ, ಹೇಳುವವರಿಲ್ಲ. ಒಂದು ಸಾಮ್ರಾಜ್ಯದ ಪತನಕ್ಕಿಂತ ಈ ಕೈಗಳ ಪತನವೇ ನನಗೆ ಹೆಚ್ಚಿನ ನಷ್ಟವಾಗಿ ತೋರುತ್ತದೆ. ರಾಜ್ಯಗಳು ಮತ್ತೆ ಕಟ್ಟಲ್ಪಡುತ್ತವೆ. ಕಿಟಕಿಯ ನೆರಳನ್ನು ನೋಡಿ ನಳಿಗೆಯನ್ನು ತಿದ್ದುವ ಕಣ್ಣು ತಂದೆಯಿಂದ ಮಗನಿಗೆ ಬಾರದೆ ಹೋದರೆ ಪುಸ್ತಕದಿಂದ ಬಾರದು.

ಮಾಡುವ ವಿದ್ಯೆ ಹೋದ ಮೇಲೂ ಗುರಿಯ ವಿದ್ಯೆ ನಮ್ಮ ನಾಡಿನ ಒಂದು ಮೂಲೆಯಲ್ಲಿ ಜೀವಂತವಾಗಿ ಉಳಿಯಿತು. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು ಹೊಡೆದು ಊರಿಗೆ ಸಾರುವ ಪದ್ಧತಿಯುಂಟು. ಮೈಸೂರು ಕೊಡಗುಗಳೆರಡಕ್ಕೂ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ, 1861ರಲ್ಲಿ, ದೇಶಕ್ಕೆಲ್ಲ ಅನ್ವಯಿಸಿದ ನಿರಾಯುಧೀಕರಣದ ಕಾಯಿದೆಯಿಂದ ಕೊಡವರಿಗೆ ವಿನಾಯಿತಿ ದೊರೆಯಿತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಅದು ಇಂದಿಗೂ ಮುಂದುವರಿದಿದೆ, 2029ರವರೆಗೆ ಅದನ್ನು ವಿಸ್ತರಿಸಿದ ಆಜ್ಞೆಯನ್ನು 2021ರಲ್ಲಿ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ನಾಟಿಯ ಕೆಲಸ ಮುಗಿದು ಸೆಪ್ಟೆಂಬರಿನ ಮೊದಲಲ್ಲಿ ಕೈಲ್‌ಪೊಳ್ದ್ ಬಂದಾಗ ಕೋವಿ ಕತ್ತಿಗಳನ್ನು ತೊಳೆದು ಒರಸಿ ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ತೋಕ್‌ಪೂವನ್ನು ಸಿಕ್ಕಿಸಿ ಪೂಜಿಸುವರು. ನಾವು ಬಯಲುಸೀಮೆಯವರು ಗೌರಿಹೂವೆನ್ನುವ ಆ ಬೆಂಕಿಬಣ್ಣದ ಹೂವಿಗೆ ಅವರಲ್ಲಿ ಕೋವಿಯದೇ ಹೆಸರು. ಪೂಜೆ ಮುಗಿದು ಕಡಂಬುಟ್ಟು, ಪಂದಿಕರಿಗಳ ಊಟವಾದ ಮೇಲೆ ಮರದ ತುದಿಗೆ ತೆಂಗಿನಕಾಯಿಯನ್ನು ಕಟ್ಟಿ ಗುರಿಯ ಪಂದ್ಯ.

ಅಂಥ ಒಂದು ಹಬ್ಬಕ್ಕೆ ಗೆಳೆಯರೊಬ್ಬರು ತಮ್ಮ ಐನ್‌ಮನೆಗೆ, ಎಂದರೆ ಮನೆತನದ ಮೂಲಮನೆಗೆ, ನನ್ನನ್ನು ಕರೆದೊಯ್ದಿದ್ದರು. ಸಾಲಿನ ಕೊನೆಯಲ್ಲಿ ಅವರ ಅಜ್ಜನ ಕೇಪಿನ ಕೋವಿ ಇತ್ತು. ನಳಿಗೆಯ ಕೆಳಗೆ ಮದ್ದನ್ನು ಒತ್ತಿ ತುಂಬುವ ಗಜ, ಕುದುರೆಯ ತಲೆ ಸವೆದು ನುಣುಪಾಗಿತ್ತು. ಎತ್ತಿ ನೋಡೆಂದು ನನ್ನ ಕೈಗೆ ಕೊಟ್ಟರು. ದಿಂಡಿನ ಹಿಂಬದಿಯನ್ನು ಯಾರೋ ಎರಡು ಬೆರಳಿನಷ್ಟು ಗರಗಸದಿಂದ ಕುಯ್ದು, ಕುಯ್ದ ಮೈಗೆ ಕಡವೆಯ ಕೊಂಬಿನ ಬಿಲ್ಲೆಯನ್ನು ಮೊಳೆಯಿಂದ ಕೂರಿಸಿದ್ದರು. ಎಡಬದಿಯಲ್ಲಿ, ಕೆನ್ನೆ ಒರಗುವ ಕಡೆ, ಮರ ಬೋಗುಣಿಯಂತೆ ತಗ್ಗಾಗಿ ಕರ್ರಗೆ ಹೊಳೆಯುತ್ತಿತ್ತು. ‘ನಮ್ಮಜ್ಜ ಕುಳ್ಳ, ತೋಳು ಗಿಡ್ಡ. ಊರ ಆಚಾರಿಯೇ ಕುಯ್ದುಕೊಟ್ಟದ್ದಂತೆ’ ಎಂದರು ಗೆಳೆಯರು. ‘ಅಜ್ಜ ಇದರಲ್ಲಿ ಗುರಿ ತಪ್ಪಿದ್ದೇ ಇಲ್ಲ ಅಂತ ಮನೆಯಲ್ಲಿ ಮಾತು. ನಾನು ಹಿಡಿದರೆ ಒಂದು ಸಲವೂ ತಾಗೋದಿಲ್ಲ.’ ಗೆಳೆಯರದು ಆರಡಿಯ ಆಳು. ಕೋವಿಯನ್ನು ಭುಜಕ್ಕೆ ಆನಿಸಿದಾಗ ಅವರ ಮೊಣಕೈ ಇಕ್ಕಟ್ಟಿನಲ್ಲಿ ಸಿಕ್ಕಂತೆ ಮಡಚಿಕೊಂಡು, ಕೆನ್ನೆಯು ಅಜ್ಜನ ತಗ್ಗಿಗಿಂತ ಮುಂದಕ್ಕೆ ಹೋಗಿ ಬೀಳುತ್ತಿತ್ತು. ಆ ಊರಿನ ಆಚಾರಿಯು ಪಟ್ಟಣದ ಸೈಯದ್ ಮಾಸೂಮನ ಹೆಸರನ್ನು ಕೇಳಿರಲಾರನು; ಆದರೂ ಕುಯ್ಯಬೇಕಾದ ಅಳತೆ ಅವನಿಗೆ ಗೊತ್ತಿತ್ತು.

ಪಂದ್ಯದ ಹೊತ್ತಿಗೆ ಗೆಳೆಯರು ಒಂದು ಗೋಣಿತಾಟನ್ನು ನಾಲ್ಕು ಮಡಿಕೆ ಮಡಿಚಿ, ಭುಜಕ್ಕೂ ಕೊಂಬಿನ ಬಿಲ್ಲೆಗೂ ನಡುವೆ ಇಟ್ಟುಕೊಂಡು, ಕತ್ತನ್ನು ಅತ್ತಿತ್ತ ಸರಿಸಿ ಕೆನ್ನೆಗೆ ಆ ತಗ್ಗನ್ನು ಹುಡುಕಿಕೊಂಡರು. ಅಂಗಳದಲ್ಲಿ ಮಾತು ನಿಂತಿತು. ಕೇಪು ಸಿಡಿದು ಹೊಗೆ ಮುಚ್ಚಿತು. ಹೊಗೆ ಚದುರಿದಾಗ ಮರದ ತುದಿಯಲ್ಲಿ ಅರ್ಧ ಚಿಪ್ಪು ದಾರಕ್ಕೆ ಜೋತಾಡುತ್ತಿತ್ತು, ಕೆಳಗಿನ ಎಲೆಗಳ ಮೇಲೆ ಎಳನೀರು ತೊಟ್ಟಿಕ್ಕುತ್ತಿತ್ತು.