ಬಳ್ಳಾರಿಗೆ ಬಂದ ಅಂಚೆ ವಿಮಾನ

ಏರ್ ಇಂಡಿಯಾದ ಚರಿತ್ರೆ ಆರಂಭವಾದದ್ದು ಪ್ರಯಾಣಿಕರಿಂದಲ್ಲ, ಅಂಚೆಯ ಚೀಲಗಳಿಂದ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಮದರಾಸಿಗೆ ಅದನ್ನು ಒಯ್ದವರು ನೆವಿಲ್ ವಿನ್ಸೆಂಟ್. ನಡುವಣ ನಿಲುಗಡೆ, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿ! ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಕೆಳಗಿನ ನೆಲವನ್ನು ಕಣ್ಣಾರೆ ಗುರುತಿಸುತ್ತಲೇ ದಾರಿ ಹಿಡಿಯಬೇಕಿತ್ತು.

ಆ ಸಂಸ್ಥೆ 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರು ತಳೆಯಿತು. 1953ರಲ್ಲಿ ರಾಷ್ಟ್ರೀಕರಣಗೊಂಡು, 2022ರಲ್ಲಿ ಟಾಟಾ ಸಮೂಹಕ್ಕೆ ಮರಳಿತು. ಈ ಕಥೆ ಹೇಳುವಾಗ ಕರಾಚಿ, ಮುಂಬಯಿಗಳನ್ನು ಎಲ್ಲರೂ ನೆನೆಯುತ್ತಾರೆ; ಬಳ್ಳಾರಿಯನ್ನು ನೆನೆಯುವವರು ವಿರಳ. ನಾವೇ ಮರೆತರೆ ಅನ್ಯರು ನೆನೆದಾರೆಯೇ? ನಮ್ಮ ಮಕ್ಕಳ ಪಾಠದಲ್ಲಾದರೂ ಅದಕ್ಕೊಂದು ಸಾಲು ದೊರೆಯಲಿ.