ಹೃದಯದಿಂದ ಬಡಾವಣೆಗೆ: ಕನ್ನಡ ಕ್ರೈಸ್ತರ ಆತ್ಮಿಕ ಹೋರಾಟ ಮತ್ತು ಸುವಾರ್ತೆ

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಪ್ರಾರ್ಥನಾ ಕೂಟಗಳಲ್ಲಿ ಎರಡು ಮಾತು ಜೋಡಿಯಾಗಿ ಕೇಳಿಬರುತ್ತವೆ. ಒಂದು, ಸೈತಾನನೊಡನೆ ನಡೆಯುವ ಆತ್ಮಿಕ ಹೋರಾಟ. ಇನ್ನೊಂದು, ಅಕ್ಕಪಕ್ಕದವರಿಗೆ ಸುವಾರ್ತೆ ಸಾರುವುದು. ಉಪವಾಸ ಪ್ರಾರ್ಥನೆಯಲ್ಲಿ ಮೊದಲನೆಯದನ್ನು ಗೆದ್ದರೆ ಎರಡನೆಯದಕ್ಕೆ ಬಾಗಿಲು ತೆರೆಯುತ್ತದೆ ಎಂಬುದು ಅಲ್ಲಿಯ ನಂಬಿಕೆ. ಈ ಜೋಡಣೆಗೆ ಮೂಲ ಬೈಬಲ್ಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ. ಅಲ್ಲಿ ಸತ್ಯವೇ ನಡುಕಟ್ಟು, ನೀತಿಯೇ ಕವಚ, ನಂಬಿಕೆಯೇ ಗುರಾಣಿ. ಹೋರಾಟ ಮನುಷ್ಯರ ಮೇಲಲ್ಲ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಬೋಧಕರು ಅಷ್ಟಾಗಿ ಗಮನಿಸದ ಒಂದು ವಿವರವೆಂದರೆ, ಆ ಆಯುಧಗಳ ಪಟ್ಟಿಯಲ್ಲಿ ಸುವಾರ್ತೆ ಕತ್ತಿಯಾಗಿ ಬಂದಿಲ್ಲ, ಕಾಲಿಗೆ ಮೆಟ್ಟುವ ಕೆರವಾಗಿ ಬಂದಿದೆ; ಅದೂ ಸಮಾಧಾನದ ಸುವಾರ್ತೆ. ಕನ್ನಡ ನಾಡಿನಲ್ಲಿ ಈ ಹೋರಾಟದ ರಣರಂಗ ಎರಡು ಬಾರಿ ಜಾಗ ಬದಲಿಸಿದೆ ಎಂಬುದು ಈ ಲೇಖನದ ವಾದ.

ಮೊದಲ ರಣರಂಗ ಮನುಷ್ಯನ ಎದೆ. ಜರ್ಮನಿಯ ಯೋಹಾನ್ನೆಸ್ ಗೋಸ್ನರ್ 1812ರಲ್ಲಿ ಒಂದು ಚಿತ್ರಪುಸ್ತಕ ಪ್ರಕಟಿಸಿದ. ಮನುಷ್ಯನ ಹೃದಯ ದೇವರ ಗುಡಿಯೋ ಸೈತಾನನ ಕಾರ್ಖಾನೆಯೋ ಎಂಬುದು ಅದರ ಪ್ರಶ್ನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಇದನ್ನು 'ಹೃದಯ ದರ್ಪಣ'ವೆಂದು ಕನ್ನಡಕ್ಕೆ ತಂದರು. ಇದರ ಚಿತ್ರಗಳನ್ನು ಸಾವಧಾನವಾಗಿ ನೋಡಬೇಕು. ಮೇಲೆ ಒಂದು ಮುಖ, ಕೆಳಗೆ ದೊಡ್ಡ ಹೃದಯ. ಅದರೊಳಗೆ ನವಿಲು, ಹೋತ, ಹಂದಿ, ಆಮೆ, ಹುಲಿ, ಹಾವು, ಕಪ್ಪೆ. ಇವುಗಳ ನಡುವೆ ಯಜಮಾನನಂತೆ ಕೂತ ಸೈತಾನ. ನವಿಲು ಗರ್ವ, ಹೋತ ಕಾಮ, ಹಂದಿ ಹೊಟ್ಟೆಬಾಕತನ, ಆಮೆ ಸೋಮಾರಿತನ, ಹುಲಿ ಕೋಪ, ಹಾವು ಹೊಟ್ಟೆಕಿಚ್ಚು, ಕಪ್ಪೆ ದುರಾಸೆ. ಮುಂದಿನ ಚಿತ್ರಗಳಲ್ಲಿ ಬೆಳಕು ಒಳಗೆ ಬರುತ್ತಿದ್ದಂತೆ ಪ್ರಾಣಿಗಳು ಒಂದೊಂದಾಗಿ ಹೊರಬೀಳುತ್ತವೆ.

ಕನ್ನಡ ಓದುಗನಿಗೆ ಇದು ಪೂರ್ತಿ ಹೊಸದಾಗಿರಲಿಲ್ಲ. ಅರಿಷಡ್ವರ್ಗವನ್ನು ಬಲ್ಲವನು ಮದ, ಕಾಮ, ಕ್ರೋಧ, ಮತ್ಸರ, ಲೋಭ ಎಂಬ ಐವರನ್ನು ಕೂಡಲೇ ಗುರುತಿಸಬಲ್ಲ. ಉಳಿದ ಹಂದಿ ಮತ್ತು ಆಮೆಗೆ ನಮ್ಮ ಪಟ್ಟಿಯಲ್ಲಿ ಜಾಗವಿಲ್ಲ. ನಮ್ಮ ಮೋಹಕ್ಕೆ ಗೋಸ್ನರನಲ್ಲಿ ಪ್ರಾಣಿಯಿಲ್ಲ. ಹೆಂಡತಿ ಮಕ್ಕಳ ಮೇಲಿನ ಅಂಟನ್ನು ವೈರಿಯೆಂದು ಎಣಿಸುವುದು ಸಂಸಾರವನ್ನೇ ದೇವರ ಕರೆಯೆಂದು ನಂಬಿದ ಬಾಸೆಲ್ ಮಿಷನ್ನಿನ ಪ್ರಾಟೆಸ್ಟಂಟರಿಗೂ ಕಷ್ಟವಾಗಿರಬೇಕು. ಇನ್ನು ಸೋಮಾರಿತನವನ್ನು ಪಾಪವೆಂದು ಕಾಣುವ ದೃಷ್ಟಿಗೂ, ಇದೇ ಮಿಷನ್ನು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ, ನೇಯ್ಗೆ ಶಾಲೆ ನಡೆಸಿದ್ದಕ್ಕೂ ನಂಟಿದೆ ಎಂದು ನನಗೆ ತೋರುತ್ತದೆ. ಇದೇ ಕಾಲದ ಇನ್ನೊಂದು ಕನ್ನಡ ಪುಸ್ತಕ, ಬನಿಯನ್ನನ 1678ರ ಕಥೆಯ ಅನುವಾದವಾದ 'ಯಾತ್ರಿಕನ ಸಂಚಾರ', ಇದೇ ಹೋರಾಟವನ್ನು ದಾರಿಯ ಮೇಲೆ ನಡೆಸಿತು. ಅಲ್ಲಿಯೂ ಕತ್ತಿ ಹಿಡಿದ ಯಾತ್ರಿಕನ ಎದುರಾಳಿ ಅಪೊಲ್ಲಿಯೋನನೇ ಹೊರತು ನೆರೆಮನೆಯವನಲ್ಲ.

ಎರಡನೆಯ ರಣರಂಗ ಬೀದಿ. ಬಾಸೆಲ್ ಮಿಷನ್ನಿನ ಸಾಮ್ಯುಯೆಲ್ ಹೆಬಿಖ್ ಕಣ್ಣೂರು ಸೀಮೆಯ ತಳಿಪರಂಬ, ಪಯ್ಯಾವೂರುಗಳ ಜಾತ್ರೆಗೇ ಹೋಗಿ ನಿಂತು ಬೋಧಿಸುತ್ತಿದ್ದ. ಜನ ಕಲ್ಲು ಮಣ್ಣು ಎಸೆದರೂ ಮರುವರ್ಷ ಮತ್ತೆ ಹಾಜರಾಗುತ್ತಿದ್ದ. ಮೈಸೂರು ಸೀಮೆಯಲ್ಲಿ ಈ ಕೆಲಸ ವೆಸ್ಲಿಯನ್ ಮಿಷನ್ನಿನವರದು. 1839ರಲ್ಲಿ ಬಂದ ವಿಲಿಯಂ ಆರ್ಥರ್ ಗುಬ್ಬಿಯಲ್ಲಿ ನೆಲೆಸಿ ಸಂತೆ, ಜಗಲಿಗಳಲ್ಲಿ ವಾದಕ್ಕಿಳಿದ. ಆರೋಗ್ಯ ಕೆಟ್ಟು 1841ರಲ್ಲಿ ಮರಳಿದವನು 1847ರಲ್ಲಿ ಮೈಸೂರಿನ ಅನುಭವಗಳ ಪುಸ್ತಕ ಬರೆದ. ನಮಗೆ ಹೆಚ್ಚು ಮುಖ್ಯವಾದದ್ದು ಅವನು 1856ರಲ್ಲಿ ಬರೆದ ಪವಿತ್ರಾತ್ಮನ ಬೆಂಕಿನಾಲಗೆಯ ಕುರಿತ ಕೃತಿ. ವಾದದಿಂದ ಸಭೆ ಬೆಳೆಯದು, ಪೆಂತೆಕೊಸ್ತಿನ ಶಕ್ತಿ ಮತ್ತೊಮ್ಮೆ ಇಳಿಯಬೇಕು ಎಂಬುದು ಅದರ ತಿರುಳು. ಮುಂದಿನ ಪರಿಶುದ್ಧತಾ ಚಳವಳಿಯವರು ಅದನ್ನು ಬಹಳವಾಗಿ ಓದಿದರು; ಆ ಚಳವಳಿಯ ಮಡಿಲಲ್ಲೇ ಪೆಂತೆಕೊಸ್ತ್ ಪಂಥ ಹುಟ್ಟಿತು. ಗುಬ್ಬಿಯ ಸಂತೆಯಿಂದ ಇಂದಿನ ವಿಜಯನಗರದ ಪ್ರಾರ್ಥನಾ ಸಭಾಂಗಣಕ್ಕೆ ಹೀಗೊಂದು ಬಳಸುದಾರಿ ಇದೆ. ಇನ್ನೊಂದು ದಾರಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯದು. ಆಕೆಯ ಮುಕ್ತಿ ಆಶ್ರಮದಲ್ಲಿ 1905ರಲ್ಲಿ ನಡೆದ ಉಜ್ಜೀವನ, ಪೆಂತೆಕೊಸ್ತ್ ಪಂಥದ ಮೂಲವೆನಿಸಿದ ಅಮೆರಿಕದ ಅಜುಸಾ ಬೀದಿಯ ಕೂಟಗಳಿಗಿಂತ ಒಂದು ವರ್ಷ ಹಿಂದಿನದು.

ಮೂರನೆಯ ರಣರಂಗ ಭೂಪಟ. ಲೋಕದ ಇವ್ಯಾಂಜೆಲಿಕಲ್ ಮುಖಂಡರು ಸೇರಿ ಒಪ್ಪಿದ 1974ರ ಲೊಸಾನ್ ಒಡಂಬಡಿಕೆಯ ಹನ್ನೆರಡನೆಯ ಭಾಗ ಆತ್ಮಿಕ ಹೋರಾಟವನ್ನು ಸುವಾರ್ತೆಯ ಕೆಲಸದ ಜೊತೆಗೇ ಇಟ್ಟಿತು. ವೈರಿ ಸಭೆಯ ಒಳಗೂ ಕೆಲಸ ಮಾಡುತ್ತಾನೆ ಎಂದೂ ಸೇರಿಸಿತು. ಆಮೇಲೆ ಬಂದ ಅಮೆರಿಕದ ಪೀಟರ್ ವ್ಯಾಗ್ನರ್ ಮೊದಲಾದವರು ಈ ಎರಡನೆಯ ಮಾತನ್ನು ಬದಿಗಿಟ್ಟರು. ಊರಿಗೊಂದು, ಪ್ರಾಂತ್ಯಕ್ಕೊಂದು ದುರಾತ್ಮ ಅಧಿಪತಿ ಇದೆ, ಅದನ್ನು ಗುರುತಿಸಿ ಕಟ್ಟಿಹಾಕಿದ ಮೇಲೆಯೇ ಸುವಾರ್ತೆ ಫಲಿಸುವುದು ಎಂದರು. ಲೊಸಾನ್ ಚಳವಳಿಯ 1989ರ ಮನಿಲಾ ಸಮ್ಮೇಳನದ ನಂತರ ಉತ್ತರ ಅಕ್ಷಾಂಶ 10ರಿಂದ 40ರವರೆಗಿನ ಪಟ್ಟಿಯೇ ಯುದ್ಧಭೂಮಿಯಾಯಿತು. ಸುಮಾರು 13ನೆಯ ಅಕ್ಷಾಂಶದ ಬೆಂಗಳೂರು, ಅದರ ಕೆಂಗೇರಿ ಸಮೇತ, ಅದರೊಳಗೆ ಬಿತ್ತು. ಪ್ರಾರ್ಥನಾ ನಡಿಗೆ, ಕೋಟೆ ಕೆಡಹುವ ಪ್ರಾರ್ಥನೆ ಇವೆಲ್ಲ 1990ರ ದಶಕದ ಬಳುವಳಿ. ಹೃದಯ ದರ್ಪಣದಲ್ಲಿ ಎದೆಯೊಳಗಿದ್ದ ಹುಲಿ ಹಾವುಗಳು ಈಗ ಬೀದಿಯ ಕೊನೆಯ ಗುಡಿಯೊಳಗೆ ಕಾಣತೊಡಗಿದವು.

ಇದರ ಅಪಾಯವನ್ನು ಮೊದಲು ಕಂಡವರು ಹೊರಗಿನವರಲ್ಲ, ಒಳಗಿನವರೇ. 1993ರಲ್ಲಿ ಲೊಸಾನ್ ಚಳವಳಿಯದೇ ಒಂದು ತಂಡ ಯುದ್ಧದ ಭಾಷೆ ಜನರ ಮೇಲಿನ ಹಗೆಯಾಗಿ ತಿರುಗಬಹುದೆಂದು ಎಚ್ಚರಿಸಿತು. 2000ದಲ್ಲಿ ಪಾಸಡೀನಾದಲ್ಲಿ ಸೇರಿದ ಸಮಾಲೋಚನೆ ಮಿಷನ್ ಕೆಲಸಕ್ಕೆ ಸೈನ್ಯದ ರೂಪಕಗಳನ್ನು ಬಿಡಬೇಕೆಂದಿತು. ಅದರ ಹಿಂದೆ ಭಾರತದ ಅನುಭವವೂ ಇತ್ತು. ಮುಂದೆ ಕರ್ನಾಟಕದಲ್ಲಿ 2008ರ ಸೆಪ್ಟೆಂಬರಿನಲ್ಲಿ ಚರ್ಚುಗಳ ಮೇಲೆ ದಾಳಿ ನಡೆದಾಗ, ಹಿಂದೂ ದೇವತೆಗಳನ್ನು ಹೀಗಳೆಯುವ ಪುಸ್ತಕವೊಂದು ದಾಳಿಕೋರರಿಗೆ ನೆಪವಾಯಿತು. ದಾಳಿಗೆ ಅದು ಸಮರ್ಥನೆಯಾಗಲಾರದು. ಆದರೆ ಅಂಥ ಬರಹ ಹುಟ್ಟಿದ್ದು ಎಲ್ಲಿಂದ ಎಂದು ಸಭೆಗಳು ಕೇಳಿಕೊಳ್ಳಬೇಕಿತ್ತು.

ಸುವಾರ್ತೆ ಸಾರುವುದರ ಕುರಿತ ಕಾನೂನಿನ ಕಥೆ ಚಿಕ್ಕದು. ಸಂವಿಧಾನದ 25ನೆಯ ವಿಧಿ ಧರ್ಮಪ್ರಚಾರಕ್ಕೆ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲವೆಂದು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕ 2022ರಲ್ಲಿ ಮತಾಂತರ ತಡೆ ಕಾಯ್ದೆ ತಂದಿತು, 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು.

ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಈ ಮೂರೂ ರಣರಂಗಗಳ ಪದರಗಳು ಒಟ್ಟಿಗೆ ಇವೆ. ವೆಸ್ಲಿಯನ್ ಪರಂಪರೆ 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಸಭೆಯೊಳಗೆ ಸೇರಿ ಮುಂದುವರಿಯಿತು. ಈ ಪದರಗಳ ಹೊರಗೆ, ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಕಥೊಲಿಕ ಮಹಾಧರ್ಮಪ್ರಾಂತ್ಯ 1970ರ ದಶಕದಿಂದ ಕುಷ್ಠರೋಗಿಗಳ ಪುನರ್ವಸತಿ ನಡೆಸುತ್ತಿದೆ. ಅಲ್ಲಿ ಯುದ್ಧದ ಮಾತಿಗೆ ಕೆಲಸವಿಲ್ಲ. ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಕೂಡುವ ಸ್ವತಂತ್ರ ಸಭೆಗಳ ಬೋಧನೆ 1990ರ ದಶಕದ್ದು. ಆದರೆ 'ಸಾಕ್ಷಿ ಹೇಳುವ' ಹೊತ್ತಿಗೆ ಅಲ್ಲಿಯೂ ಅಕ್ಷಾಂಶ ರೇಖಾಂಶಗಳು ಮರೆಯಾಗುತ್ತವೆ. ಗಂಡ ಕುಡಿತ ಬಿಟ್ಟಿದ್ದು, ಬಡ್ಡಿ ಸಾಲ ತೀರಿದ್ದು, ಅತ್ತೆಯೊಡನೆ ರಾಜಿಯಾದದ್ದು, ರಾತ್ರಿ ಹೆದರಿ ಏಳುತ್ತಿದ್ದ ಮಗುವಿಗೆ ನಿದ್ದೆ ಬಂದದ್ದು: ಹೇಳುವವರು ಹೇಳುವುದು ಇಂಥದ್ದನ್ನೇ. ನೆರೆಯವರು ಈ ಕೂಟಗಳಿಗೆ ಬರುವುದೂ ಹೆಚ್ಚಾಗಿ ಇಂಥ ಮಾತು ಕೇಳಿಯೇ ಹೊರತು ಪ್ರಾರ್ಥನಾ ನಡಿಗೆಯಿಂದಲ್ಲ ಎಂದು ನನ್ನ ಅಂದಾಜು. ಆದರೆ ಗೋಸ್ನರನ ಸರಣಿಯ ಒಂದು ಚಿತ್ರಕ್ಕೆ ಈ ಸಾಕ್ಷಿಗಳಲ್ಲಿ ಜಾಗ ಸಿಗುವುದು ಅಪರೂಪ: ಬೆಳಕು ಕಂಡ ಹೃದಯ ತಣ್ಣಗಾಗಿ, ಓಡಿಹೋದ ಪ್ರಾಣಿಗಳು ಮತ್ತೆ ಒಳಸೇರುವ ಚಿತ್ರ. ಕುಡಿತ ಬಿಟ್ಟವನು ಮತ್ತೆ ಹಿಡಿದಾಗ ಅವನನ್ನು ಮೈಕಿನ ಮುಂದೆ ಕರೆಯುವವರಿಲ್ಲ. ಪಾಸ್ಟರ್ ಅವನ ಮನೆಗೆ ಹೋಗಿ, ಅವನ ಹೆಂಡತಿಯ ಎದುರಿಗೆ ಕೂತು, ಮೊದಲಿನಿಂದ ಶುರುಮಾಡಬೇಕಾಗುತ್ತದೆ.