ಸಿಂಗಪುರ: ಒಂದು ಹೆಸರಿನ ಜಾಡು

ಸಿಂಗಪುರದ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿಂಹದ ತದ್ಭವ 'ಸಿಂಗ'. 'ಪುರ' ನಮ್ಮ ಊರೂರಿನಲ್ಲೂ ಇದೆ. 1365ರ ಜಾವಾ ಕಾವ್ಯ 'ನಾಗರಕೃತಾಗಮ'ದಲ್ಲಿ ಈ ದ್ವೀಪ 'ತುಮಾಸಿಕ್'. ಪಲೆಂಬಾಂಗಿನ ರಾಜಕುಮಾರ ಸಂಗ್ ನೀಲ ಉತ್ತಮನು ಇಲ್ಲಿ ಸಿಂಹವನ್ನು ಕಂಡು ಹೊಸ ಹೆಸರಿಟ್ಟನೆಂದು ಮಲಯ ಇತಿಹಾಸಗ್ರಂಥ 'ಸೆಜಾರಾ ಮೆಲಾಯು' ಹೇಳುತ್ತದೆ. ಆದರೆ ಈ ಕಾಡುಗಳಲ್ಲಿದ್ದುದು ಹುಲಿ, ಸಿಂಹವಲ್ಲ. 1965ರಲ್ಲಿ ಸ್ವತಂತ್ರವಾದ ದೇಶವು ಮಲಯ ಭಾಷೆಯಲ್ಲಿ 'ರಿಪಬ್ಲಿಕ್ ಸಿಂಗಾಪುರ' ಎಂದೇ ಕರೆಸಿಕೊಂಡಿತು.

1993ರಲ್ಲಿ ಮರಳಿ ರಾಜಪ್ರಭುತ್ವವಾದ ಕಾಂಬೋಡಿಯದ ಅಧಿಕೃತ ಖ್ಮೇರ್ ನಾಮ ಇನ್ನೂ ಕುತೂಹಲಕರ: 'ಪ್ರೇಹ್ ರೀಚಿಯಾನಾಚಕ್ ಕಂಪುಚಿಯಾ'. ಉಚ್ಚಾರಣೆ ಅಪರಿಚಿತ, ಆದರೆ ಗೌರವಸೂಚಕ 'ಪ್ರೇಹ್' ಬಿಟ್ಟು ಬಿಡಿಸಿದರೆ ರಾಜ, ಆಣಾ, ಚಕ್ರ, ಕಂಬುಜ. 'ಆಣಾ' ಎಂಬುದು 'ಆಜ್ಞಾ' ಶಬ್ದದ ಪಾಲಿ ರೂಪ. ನಾವು ದಿನವೂ ಇಡುವ 'ಆಣೆ'ಯೂ ಅದರ ತದ್ಭವವೇ!

'ಎಲ್ಲವೂ ನಮ್ಮದೇ' ಎಂದು ಹಿಂದೆ ನಾನೂ ಬೀಗಿದ್ದುಂಟು. ಈಗ ಹಾಗೆನ್ನಲಾರೆ. ಶಬ್ದದ ಬೇರು ಎಲ್ಲಿಯದಾದರೂ, ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಶತಮಾನಗಳ ಕಾಲ ಉಳಿಸಿದವರು ಮಲಯರು, ಖ್ಮೇರರು. ಆಡುವವರಿದ್ದರೆ ಮಾತ್ರ ಮಾತು ಬಾಳುತ್ತದೆ. ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಕನ್ನಡಕ್ಕೂ ಇದೇ ನಿಯಮವೆಂಬುದನ್ನು ಬಂಧುಗಳು ಮರೆಯದಿರಲಿ.